ಹಿರೀಸಾವೆಯ ಗಲ್ಲಾಪೆಟ್ಟಿಗೆ ಮೇಲೆ ನಮ್ಮಪ್ಪನ ಓಲೆಗರಿ

ವಿಶ್ವವಿದ್ಯಾಲಯ ಗ್ರಂಥಾಲಯದ ಅಪರೂಪದ ಗ್ರಂಥ ಮತ್ತು ಹಸ್ತಪ್ರತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ ಎಂದು ಶುರು ಮಾಡಬೇಕು, ಗೊತ್ತು. ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿ ಎದುರು ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಖಾತೆಗೆ, ಪೋಡಿಗೆ, ಪಿಂಚಣಿಗೆ ಅರ್ಜಿ ಬರೆಸಲು ಬರುವವರ ಪರವಾಗಿ ದಿನವಿಡೀ ಈ ಪದವನ್ನು ಕುಟ್ಟುವವಳು ನಾನು. ಇವತ್ತು ಮಾತ್ರ ಬೆರಳು ಏಳುತ್ತಿಲ್ಲ. ಆದ್ದರಿಂದ ನೇರವಾಗಿ ಕೇಳುತ್ತೇನೆ. ಕಾಪಾಡಿ ಎಂದು ನಮ್ಮಪ್ಪ ನಿಮ್ಮ ಕೈಗೆ ಕೊಟ್ಟ ಓಲೆಗರಿ ಕಟ್ಟಿನ ದಾರ ಬಿಚ್ಚಿ, ಗರಿಗಳನ್ನು ಒಂದೊಂದಾಗಿ ಫ್ರೇಮಿಗೆ ಹಾಕಿಸಿ, ಬಂದ ಅತಿಥಿಗಳಿಗೆಲ್ಲ ಸ್ಮರಣಿಕೆ ಎಂದು ಹಂಚಿದ್ದೀರಲ್ಲ, ಹಂಚುವಾಗ ನಿಮಗೆ ಅಸಹ್ಯ ಅನ್ನಿಸಲಿಲ್ಲವೇ? ನನಗೆ ಅನ್ನಿಸಿದೆ. ವಾಕರಿಕೆ ಬರುವಷ್ಟು ಅನ್ನಿಸಿದೆ.

ನಮ್ಮಪ್ಪ ಪರಮಶಿವಯ್ಯ ಬಾಗೂರಿನ ಮೂಡಲಪಾಯ ಮೇಳದ ಭಾಗವತರು. ವೇಷದವರು ಕುಣಿಯುವಾಗ ತಾಳ ಹಿಡಿದು ಇಡೀ ಕಥೆಯನ್ನು ಹಾಡಿ ನಡೆಸುವವರು. ಅವರ ಮುತ್ತಾತ ಬರೆದ ಒಂದು ಪ್ರಸಂಗ ನಮ್ಮ ಮನೆಯ ಅಟ್ಟದಲ್ಲಿ, ಎರಡು ಹಲಗೆಗಳ ನಡುವೆ, ಓಲೆಗರಿಗಳಲ್ಲಿತ್ತು. ಕುಂಬಾರಗಿತ್ತಿಯೊಬ್ಬಳ ಕರೆಯುವ ಹಸುವನ್ನು ದೊರೆ ತನ್ನ ಕೊಟ್ಟಿಗೆಗೆ ಹೊಡೆಸಿಕೊಂಡು ಹೋಗುತ್ತಾನೆ, ಅವಳು ಆಸ್ಥಾನಕ್ಕೆ ನುಗ್ಗಿ ಜಗಳ ತೆಗೆದು ಹಸು ಬಿಡಿಸಿಕೊಂಡು ಬರುತ್ತಾಳೆ, ಇಷ್ಟೇ ಕಥೆ. ಆ ಕಟ್ಟಿಗೆ ನಮ್ಮ ಮನೆಯಲ್ಲೊಂದು ಕಟ್ಟಳೆ ಇತ್ತು. ಬಿಡಿಗರಿ ಹೊಸ್ತಿಲು ದಾಟಕೂಡದು. ಬೇರೆ ಊರಿನ ಮೇಳದವರು ಕೇಳಿದರೆ ಇಡೀ ಕಟ್ಟು ಹೋಗಬೇಕು, ಇಡೀ ಕಟ್ಟು ಬರಬೇಕು. ಒಂದು ಗರಿ ಆಚೆ ಹೋದರೆ ಉಳಿದದ್ದೆಲ್ಲ ಒಲೆಗೆ ಹಾಕುವ ಸೌದೆ ಎಂದು ಅಪ್ಪ ಹೇಳುತ್ತಿದ್ದರು. ನೀವೂ ನಿಮ್ಮ ವಿಭಾಗದವರೂ ಜೀಪು ತಂದು, ಅಂಗಳದಲ್ಲಿ ಅಪ್ಪನನ್ನು ನಿಲ್ಲಿಸಿ ಶಾಲು ಹೊದಿಸಿ, ಫೋಟೋ ತೆಗೆದುಕೊಂಡ ದಿನವೂ ಅವರು ಹೇಳಿದ್ದು ಅದೊಂದೇ: "ದಾರ ಬಿಚ್ಬ್ಯಾಡಿ ಸಾ. ಬಿಚ್ಚಿದ್ರೂ ಅಂಗೇ ಪೋಣಿಸ್ಬುಡಿ." ತಲೆಯಾಡಿಸಿದಿರಿ. ಎಷ್ಟು ಚೆನ್ನಾಗಿ ತಲೆಯಾಡಿಸುತ್ತೀರಿ ನೀವೆಲ್ಲ!

ಆ ಪ್ರಸಂಗವನ್ನು ನಾನು ಲಂಗ ಉಡುವ ವಯಸ್ಸಿನಲ್ಲಿ ಒಮ್ಮೆ ನೋಡಿದ್ದು. ಆಮೇಲೆ ಮೇಳ ಒಡೆಯಿತು, ಆಟ ನಿಂತಿತು. ಹೋದ ವರ್ಷ ಹಾಸಿಗೆ ಹಿಡಿದಿದ್ದಾಗ ಅಪ್ಪ ನನ್ನ ಕೈಗೆ ತಾಳ ಕೊಟ್ಟರು. "ಎಣ್ಮಗಳು ಭಾಗವತ್ಕೆ ಮಾಡಬಾರ್ದು ಅಂತ ಎಲ್ಲೂ ಬರ್ದಿಲ್ಲ ಕಣವ್ವ. ಓಲೆ ಅಲ್ಲಿ ಬದ್ರವಾಗೈತೆ. ಓಗಿ ಬರ್ಕೊಂಡು ಬಾ, ನೀನೇ ಆಡು" ಎಂದರು. ಭದ್ರವಾಗಿದೆ ಎಂದು ನಂಬಿಕೊಂಡೇ ಕಣ್ಣು ಮುಚ್ಚಿದರು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಬಿಡಿ, ಮುಂದಿನದನ್ನು ಅವರು ನೋಡಲಿಲ್ಲ.

ಮುಂದಿನದು ನಿಮಗೆ ತಿಳಿದೇ ಇದೆ, ಆದರೂ ಈ ಪತ್ರದ ಜೆರಾಕ್ಸ್ ಓದುವ ಊರಿನವರಿಗೆ ತಿಳಿಯಲಿ. ಅಂಗಡಿಗೆ ಬೀಗ ಹಾಕಿ ನಿಮ್ಮಲ್ಲಿಗೆ ಬಂದೆ. ಕೌಂಟರಿನಲ್ಲಿದ್ದವರು ನನ್ನನ್ನು ಕೇಳಿದ್ದು, "ಪಿಎಚ್‌ಡಿನಾ? ಗೈಡ್ ಯಾರು?" ಗೈಡ್ ನಮ್ಮಪ್ಪ, ತೀರಿಕೊಂಡರು ಎಂದೆ. ಹಾಗಾದರೆ ಆಗುವುದಿಲ್ಲವಂತೆ. ನೋಡಿ ಬರೆದುಕೊಂಡು ಹೋಗುತ್ತೇನೆ, ಮುಟ್ಟುವುದೂ ಇಲ್ಲ ಎಂದು ಬೇಡಿಕೊಂಡೆ. "ಅಪರೂಪದ ವಸ್ತು ಅಮ್ಮಾ, ಜನ ಉಸಿರು ಬಿಟ್ಟರೂ ಹಾಳಾಗ್ತದೆ" ಎಂದರು. ಅಬ್ಬಾ, ಎಂಥ ಕಾಳಜಿ! ಉಸಿರು ಹಿಡಿದುಕೊಂಡೇ ಬಸ್ಸು ಹತ್ತಿ ವಾಪಸು ಬಂದೆ. ಇನ್ನೂ ಎರಡು ಸಲ ಬಂದೆ. ಒಮ್ಮೆ ಬೀರುವಿನ ಬೀಗದಕೈ ರಜೆಯ ಮೇಲಿತ್ತು. ಇನ್ನೊಮ್ಮೆ ನೀವೇ ವಿಚಾರಸಂಕಿರಣದ ಗಡಿಬಿಡಿಯಲ್ಲಿದ್ದಿರಿ. ಬಾಗಿಲಲ್ಲಿ ಬ್ಯಾನರು ಕಟ್ಟಿತ್ತು, 'ಹಸ್ತಪ್ರತಿಗಳ ಸಂರಕ್ಷಣೆ: ಇಂದಿನ ಸವಾಲುಗಳು' ಎಂದು. ಸವಾಲು ವೇದಿಕೆಯ ಮೇಲೇ ಕೂತಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಕೆಲವು ವಾರಗಳ ನಂತರ, ಹಿರೀಸಾವೆಯಲ್ಲಿ. ಬೇರೆ ಕೆಲಸಕ್ಕೆ ಹೋಗಿ ಬೆಂಗಳೂರಿನಿಂದ ಬರುತ್ತಾ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಕಾಫಿಗೆ ಇಳಿದೆ. ದುಡ್ಡು ಕೊಡಲು ಗಲ್ಲಾಪೆಟ್ಟಿಗೆ ಹತ್ತಿರ ಹೋದರೆ ಮೇಲೆ ದೇವರ ಪಟಗಳ ಸಾಲು, ಸೀರಿಯಲ್ ಲೈಟು, ಸೇವಂತಿಗೆ ಹಾರ. ಆ ಸಾಲಿನಲ್ಲಿ, ಗಾಜಿನೊಳಗೆ, ಚಿನ್ನದ ಬಣ್ಣದ ರಟ್ಟಿನ ಮೇಲೆ ಒಂದು ಓಲೆಗರಿ. ಕೆಳಗೆ ನಿಮ್ಮ ವಿಶ್ವವಿದ್ಯಾಲಯದ ಲಾಂಛನ, 'ಪ್ರೀತಿಯ ಕಾಣಿಕೆ' ಎಂಬ ಅಕ್ಷರ. ಗರಿಯ ಅಂಚಿನಲ್ಲಿ ಗುಲಗಂಜಿಯಷ್ಟು ಒಂದು ಸುಟ್ಟ ಕಲೆ. ಅದು ನಮ್ಮಜ್ಜಿ ದೀಪ ಹಿಡಿದಾಗ ಕಿಡಿ ಬಿದ್ದದ್ದು. ಆ ಕಲೆಯನ್ನು ಬೆರಳಲ್ಲಿ ಸವರಿಕೊಂಡೇ ನಾನು ಅಪ್ಪನ ಬಳಿ ಹಳೆಯ ಅಕ್ಷರ ಕಲಿತವಳು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಹೋಟೆಲಿನ ಯಜಮಾನರು ದೇವರಾಜು ಗಾಬರಿಯಾಗಿ ನೀರು ತಂದುಕೊಟ್ಟರು. ಎಲ್ಲಿಂದ ಬಂತು ಇದು ಎಂದೆ. "ಯೂನಿವರ್ಸಿಟಿಯೋರ್ ಮೀಟಿಂಗಿಗೆ ಊಟದ ಆರ್ಡರ್ ನಂದೇ ಕಣಮ್ಮ. ಕೊನೇಲಿ ಸ್ಟೇಜ್ ಮ್ಯಾಕೆ ಕರ್ದು ಪೇಟ ಇಕ್ಕಿ ಇದ ಕೊಟ್ರು. ಯಾವ್ದೋ ಮಂತ್ರ ಇರಬೇಕು ಅಂತ ದಿನಾ ಊದ್ಗಡ್ಡಿ ಅಚ್ತೀನಿ. ಏನೈತಮ್ಮ ಅದ್ರಲ್ಲಿ?"

ಓದಿ ಹೇಳಿದೆ. ಮಂತ್ರವಲ್ಲ. ಕುಂಬಾರಗಿತ್ತಿ ದೊರೆಯ ಮುಖಕ್ಕೆ ಉಗಿಯುವ ಜಾಗ ಅದು. ನನ್ನ ಹಸು ಕದ್ದು ನಿನ್ನ ತಂಬಿಗೆ ತುಂಬಿಸಿಕೊಂಡೆಯಾ, ಆ ಹಾಲು ಕುಡಿದ ಬಾಯಲ್ಲಿ ಧರ್ಮದ ಮಾತು ಹೇಗೆ ಬಂತೋ ಎಂದು ಕೇಳುತ್ತಾಳೆ. ದೇವರಾಜು ಕಣ್ಣರಳಿಸಿದರು. "ಅಂಗಾರೆ ನಾನು ಇಷ್ಟು ದಿನ ಬೈಗುಳಕ್ಕೆ ಮಂಗಳಾರತಿ ಎತ್ತಿದ್ನಾ?" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಸ್ಟೂಲು ಹತ್ತಿ ಫ್ರೇಮು ಇಳಿಸಿ, ಟವೆಲ್ಲಿನಲ್ಲಿ ಒರೆಸಿ, "ತಕ್ಕಳಿ, ನಿಮ್ಮಪ್ಪಂದು" ಎಂದು ನನ್ನ ಮಡಿಲಿಗಿಟ್ಟರು. ಕಾಫಿ ಕಾಸನ್ನೂ ಮುಟ್ಟಲಿಲ್ಲ. ಇಡೀ ಪ್ರಕರಣದಲ್ಲಿ ನಾಚಿಕೆ ಎಂಬುದನ್ನು ನಾನು ಕಂಡದ್ದು ಅವರೊಬ್ಬರ ಮುಖದಲ್ಲಿ.

ಆ ಸಂಜೆಯೇ ನಿಮಗೆ ಫೋನು ಮಾಡಿದೆನಲ್ಲ, ನೀವು ಏನೆಂದಿರಿ? "ಮೇಡಂ, ಬೇಜಾರು ಮಾಡ್ಕೋಬೇಡಿ, ನಾವು ನೋಡೋಕೆ ಚೆನ್ನಾಗಿರೋ ಗರಿಗಳನ್ನ ಮಾತ್ರ ತೆಗೆದಿದ್ದೀವಿ. ಹುಳ ತಿಂದಿರೋದು, ಮುರಿದಿರೋದು ಎಲ್ಲ ಭದ್ರವಾಗಿದೆ." ಸ್ವಾಮೀ, ನೀವು ಭತ್ತ ಹಂಚಿ ಹೊಟ್ಟಿಗೆ ಬೀಗ ಜಡಿದಿದ್ದೀರಿ. ನನ್ನ ಉಸಿರು ತಾಕಬಾರದ ಗರಿಗೆ ಫೆವಿಕಾಲ್ ತಾಕಬಹುದೇ? ಓಲೆಗರಿಯ ಎರಡು ಮಗ್ಗುಲಲ್ಲೂ ಬರೆಯುತ್ತಾರೆ ಎಂಬುದು ಹಸ್ತಪ್ರತಿ ವಿಭಾಗದ ಯಾರೊಬ್ಬರಿಗೂ ಹೊಳೆಯಲಿಲ್ಲವೇ? ಹಿಂದಿನ ಮಗ್ಗುಲು ಆ ದರಿದ್ರ ಬಂಗಾರದ ರಟ್ಟಿಗೆ ಅಂಟಿ ಕೂತಿದೆ. ಕಿತ್ತರೆ ಅಕ್ಷರ ರಟ್ಟಿನ ಜೊತೆ ಹೋಗುತ್ತದೆ, ಬಿಟ್ಟರೆ ಓದಲಾಗುವುದಿಲ್ಲ. ದೊರೆಯ ಉತ್ತರ ಅಲ್ಲಿದೆ. ಅದಕ್ಕೆ ಅವಳು ಕೊಟ್ಟ ಮರುಮಾತು ಮುಂದಿನ ಗರಿಯಲ್ಲಿದೆ, ಆ ಗರಿ ಯಾರ ಮನೆಯಲ್ಲಿದೆಯೋ. ಹಸು ವಾಪಸು ಬಂತು ಎಂಬುದು ನನಗೆ ನೆನಪಿದೆ. ಯಾವ ಮಾತಿಗೆ ಆ ದೊರೆ ತಲೆಬಾಗಿದ ಎಂಬುದು ನೆನಪಿಲ್ಲ, ಬಾಗೂರಿನಲ್ಲಿ ಬಲ್ಲವರು ಯಾರೂ ಉಳಿದಿಲ್ಲ. ಆ ಮಾತು ಸಿಕ್ಕಿದ್ದರೆ ಇವತ್ತು ನಿಮ್ಮ ಮೇಲೇ ಪ್ರಯೋಗಿಸುತ್ತಿದ್ದೆ.

ನಿಮ್ಮ ಫೇಸ್‌ಬುಕ್ ಪುಟದ ಫೋಟೋಗಳನ್ನು ನನ್ನ ಅಂಗಡಿಯಲ್ಲೇ ಪ್ರಿಂಟು ತೆಗೆದುಕೊಂಡಿದ್ದೇನೆ. ಹಾಸನದ ನಿವೃತ್ತ ಎಂಜಿನಿಯರು, ಹೊಳೆನರಸೀಪುರದ ಕಲ್ಯಾಣಮಂಟಪದ ಮಾಲೀಕರು, ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿ, ಎಲ್ಲರೂ ಹಲ್ಲು ಬಿಟ್ಟುಕೊಂಡು ನಮ್ಮ ಗರಿ ಹಿಡಿದು ನಿಂತಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡರು. ಕೊಡಲು ನಿಮ್ಮಪ್ಪನ ಮನೆಯ ಆಸ್ತಿಯೇ ಅದು?

ನನ್ನ ಬೇಡಿಕೆ ಇಷ್ಟು. ಮಾಡಿದ್ದನ್ನು ತನಿಖಾ ಸಮಿತಿಯ ತಲೆಗೆ ಕಟ್ಟಬೇಡಿ. ಶಾಲು ಹೊದಿಸಿದ ಅದೇ ಕೈಯಿಂದ ನೀವೇ ಒಂದೊಂದು ಮನೆಯ ಬಾಗಿಲು ತಟ್ಟಿ, ಕೊಟ್ಟದ್ದನ್ನು ಕೇಳಿ ಇಸಿದುಕೊಳ್ಳಿ. ರಟ್ಟಿನಿಂದ ಗರಿ ಬಿಡಿಸುವುದನ್ನು ಬಲ್ಲವರ ಕೈಲಿ ಬಿಡಿಸಿ, ನೀವು ಮುಟ್ಟಬೇಡಿ. ಹುಳ ತಿಂದದ್ದು, ಮುರಿದದ್ದು ಸಮೇತ ಇಡೀ ಕಟ್ಟನ್ನು ಹಲಗೆ, ದಾರದೊಂದಿಗೆ ಶಿವರಾತ್ರಿಯೊಳಗೆ ಬಾಗೂರಿಗೆ ತಂದೊಪ್ಪಿಸಿ.

ಒಪ್ಪಿಸದಿದ್ದರೂ ಆಟ ನಿಲ್ಲುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಮೇಳ ಕಟ್ಟಿ ಆಡುತ್ತೇವೆ, ನಾನೇ ಹಾಡುತ್ತೇನೆ. ಕೈಗೆ ಸಿಕ್ಕ ಗರಿಯಲ್ಲಿ ಇರುವಷ್ಟು ಹಾಡುತ್ತೇನೆ. ಹಾಡು ತುಂಡಾದ ಕಡೆ ಮದ್ದಳೆ ನಿಲ್ಲಿಸಿ, ಇದರ ಮುಂದಿನ ಮಾತು ಇಂಥಿಂಥ ಊರಿನ ಇಂಥಿಂಥವರಲ್ಲಿ ಒಬ್ಬರ ಶೋಕೇಸಿನಲ್ಲಿದೆ ಎಂದು ಮೈಕಿನಲ್ಲಿ ಹೇಳುತ್ತೇನೆ. ಕುಂಬಾರಗಿತ್ತಿ ಆಸ್ಥಾನದ ನಡುವೆ ಬಾಯಿ ತೆರೆದುಕೊಂಡು ನಿಂತಿರುತ್ತಾಳೆ, ಹಸು ದೊರೆಯ ಕೊಟ್ಟಿಗೆಯಲ್ಲೇ ಇರುತ್ತದೆ. ಇದನ್ನೆಲ್ಲ ಹಂಚಿದವರು ಯಾರು ಎಂದು ಜನ ಕೇಳಿಯೇ ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಹಾಕಿಸಿರುತ್ತೇನೆ, ಎದ್ದು ನಿಂತು ನೀವೇ ಉತ್ತರ ಹೇಳಿ.

ಇಂತಿ,
ನಿಮ್ಮ ಸ್ಮರಣಿಕೆಗಳನ್ನು ಪುಕ್ಕಟೆ ಒದಗಿಸಿದವರ ಮಗಳು,
ಶಾಂತಕುಮಾರಿ, ಬಾಗೂರು