ಕೊನೇ ಬೀದಿಯ ಇಪ್ಪತ್ತು ನಿಮಿಷ

೩ ನವೆಂಬರ್, ಸೋಮವಾರ

ಪುಟ್ಟಮಾದಕ್ಕ, ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೇ? ಸಣ್ಣಮಾದಯ್ಯ ಭಾವನಿಗೆ ಹೊಸ ಕಿವಿ ಮೆಷಿನ್ ಒಗ್ಗಿತೋ, ಅದೂ ಬೀರು ಸೇರಿತೋ? ನಯನಾಳಿಗೆ ಆಸ್ಪತ್ರೆಯಲ್ಲಿ ಹಗಲು ಡ್ಯೂಟಿ ಸಿಕ್ಕಿತೇ? ನಾನು ಚೆನ್ನಾಗಿದ್ದೇನೆ. ಬಲಗಣ್ಣಿನ ಪೊರೆ ಬಲಿತಿದೆಯಂತೆ. ಡಿಸೆಂಬರ್ ಮೂರಕ್ಕೆ ಆಪರೇಷನ್. ಹೆದರಬೇಡ, ಅರ್ಧ ಗಂಟೆಯ ಕೆಲಸ.

ಇಷ್ಟು ಕಾರ್ಡಿಗೆ. ಭಾವನಿಗೆ ಫೋನಿನಲ್ಲಿ ಏನೂ ಕೇಳಿಸದು, ಅಕ್ಕ ಫೋನು ಹಿಡಿದರೆ ಕಿರುಚುತ್ತಾಳೆ, ಅವರ ಮೊಮ್ಮಗಳು ನಯನಾ ಯಾವಾಗಲೂ ಡ್ಯೂಟಿಯಲ್ಲಿ. ಹಾಗಾಗಿ ನಮ್ಮಲ್ಲಿ ಇನ್ನೂ ಅಂಚೆ. ಅಕ್ಕನಿರುವ ನರಸೀಪುರಕ್ಕೆ ಕಾರ್ಡು ಮುಟ್ಟಲು ಮೂರು ದಿನ. ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಕಾರ್ಡಿಗೆ ಇಳಿಸುವುದು ರೂಢಿ. ಕಾರ್ಡಿಗೆ ಹಿಡಿಸದ್ದು ಇಲ್ಲೇ ಉಳಿಯುತ್ತದೆ.

ಆಪರೇಷನ್ ಆದ ಮೇಲೆ ಒಂದು ತಿಂಗಳು ಕಂಪ್ಯೂಟರ್ ನೋಡುವ ಹಾಗಿಲ್ಲ. ಬಡಾವಣೆಯ ನೀರಿಗೆ ನಾನು ಬರೆದ ಪ್ರೋಗ್ರಾಂ ಹರ್ಷಿತಾಳಿಗೆ ಒಪ್ಪಿಸಬೇಕು. ಎರಡನೇ ಕ್ರಾಸಿನ ಹುಡುಗಿ, ಬಿಸಿಎ ಮುಗಿಸಿದ್ದಾಳೆ. ಸಂಜೆ ಬಂದಳು.

"ತಾತ, ಎಡಿಟರ್‌ಗೆ ಎಐ ಎಕ್ಸ್‌ಟೆನ್ಷನ್ ಯಾವ್ದ್ ಹಾಕ್ಕೊಂಡಿದೀರಾ?"

ಪ್ರೋಗ್ರಾಂ ಬರೆಯಲು, ತಿದ್ದಲು ನೆರವಾಗುವ ಎಐ ಅಂತೆ. ಯಾವುದೂ ಇಲ್ಲ ಅಂದೆ.

"ಅಯ್ಯೋ! ಎಲ್ಲಾ ಕೈಯಲ್ಲೇ ಬರೆದ್ರಾ?"

ಮೋಟಾರ್ ರೀವೈಂಡಿಂಗ್ ಅಂಗಡಿ ಮುಚ್ಚಿದ ಮೇಲೆ, ಅರವತ್ತೆರಡನೇ ವಯಸ್ಸಿನಲ್ಲಿ ಯೂಟ್ಯೂಬ್ ನೋಡಿ ಕಲಿತ ಪೈಥಾನ್. ಕೈಯಲ್ಲಲ್ಲದೆ ಇನ್ನೆಲ್ಲಿ ಬರೆಯಲಿ?

ಎರಡು ಎಕ್ಸ್‌ಟೆನ್ಷನ್ ಹಾಕಿಕೊಟ್ಟು ಹೋದಳು. ಎರಡನ್ನೂ ಓಡಿಸಿ ನೋಡಿ, ಒಂದನ್ನು ಆರಿಸಬೇಕಂತೆ. ಆರಿಸಿದ್ದನ್ನೇ ಅವಳೂ ಇಟ್ಟುಕೊಳ್ಳುತ್ತಾಳೆ.

೪ ನವೆಂಬರ್, ಮಂಗಳವಾರ, ಬೆಳಿಗ್ಗೆ ೭

ನೀರಿನ ದಿನ. ಎಲ್ಲ ಸರಿಯಾಗಿ ಆಯಿತು.

ಒಪ್ಪಿಸುವ ಮೊದಲು ನನಗೇ ಒಮ್ಮೆ ಸ್ಪಷ್ಟವಾಗಲಿ ಅಂತ ಬರೆಯುತ್ತೇನೆ. ಇದನ್ನು ಎಲ್ಲೂ ಬರೆದಿಲ್ಲ.

ಪ್ರೋಗ್ರಾಂ ಮಾಡುವುದು ಎರಡೇ ಕೆಲಸ. ಮಂಗಳವಾರ, ಶುಕ್ರವಾರ ಯಾವ ವಾಲ್ವ್ ಎಷ್ಟು ಹೊತ್ತಿಗೆ ತಿರುಗಿಸಬೇಕು ಅಂತ ನೀರು ಬಿಡುವ ವಿಜಯ್‌ಕುಮಾರನಿಗೆ ಪಟ್ಟಿ. ಎಷ್ಟು ಹೊತ್ತಿಗೆ ನೀರು ಬರುತ್ತದೆ ಅಂತ ಬಡಾವಣೆಯವರಿಗೆ ಮೆಸೇಜು. ವಿಜಯ್‌ಕುಮಾರ್ ಆರಕ್ಕೆ ತಿರುಗಿಸುತ್ತಾನೆ. ಜನಕ್ಕೆ ಹೋಗುವ ಮೆಸೇಜು ಆರೂ ಇಪ್ಪತ್ತು ಅನ್ನುತ್ತದೆ.

ಆ ಇಪ್ಪತ್ತು ನಿಮಿಷ ಕೊನೇ ಬೀದಿಯದು. ಬಡಾವಣೆ ಆಗುವ ಮೊದಲಿನಿಂದ ಇದ್ದ ಹನ್ನೊಂದು ಮನೆ. ದಿಬ್ಬದ ಮೇಲೆ. ಸಂಪಿಲ್ಲ, ಬೀದಿಗೊಂದು ನಲ್ಲಿ. ಉಳಿದ ಕ್ರಾಸಿನವರು ಪೈಪಿಗೇ ಮೋಟಾರ್ ಕೊಟ್ಟು ಸಂಪಿಗೆ ಎಳೆಯುತ್ತಾರೆ. ಹಾಗೆ ಎಳೆಯಬಾರದು. ಎಲ್ಲರೂ ಎಳೆಯುತ್ತಾರೆ. ಆ ಮೋಟಾರುಗಳಲ್ಲಿ ಅರ್ಧ ನಾನೇ ರೀವೈಂಡ್ ಮಾಡಿದವು. ಅವು ಶುರುವಾದರೆ ದಿಬ್ಬಕ್ಕೆ ಹನಿ ಏರುವುದಿಲ್ಲ.

ಭಾವ ಇಲ್ಲಿ ಮೂವತ್ತು ವರ್ಷ ನೀರು ಬಿಟ್ಟವರು. ಮೊದಲು ಬರುವ ನೀರು ಹೊಲಸು, ಇಪ್ಪತ್ತು ನಿಮಿಷ ಮುಟ್ಟಬೇಡಿ ಅಂತ ಜನಕ್ಕೆ ಹೇಳಿಟ್ಟಿದ್ದರು. ಜನ ನಂಬಿದ್ದರು. ಅಷ್ಟರೊಳಗೆ ಕೊನೇ ಬೀದಿಯ ಕೊಡ ತುಂಬುತ್ತಿದ್ದವು, ಮನೆಗೆ ಎಂಟರಂತೆ. ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟು ನರಸೀಪುರಕ್ಕೆ ಹೊರಟಾಗ ನನ್ನ ಕಿವಿಯಲ್ಲಿ ಹೇಳಿದರು — "ಜನಕ್ಕೆ ಇಪ್ಪತ್ನಿಮಿಷ ತಡ್ದು ಹೇಳು. ಎಲ್ಲೂ ಬರೀಬ್ಯಾಡ."

ಬರೆಯಲಿಲ್ಲ. ಪ್ರೋಗ್ರಾಮಿನಲ್ಲಿ ಬರೀ ೨೦ ಅಂತ ಒಂದು ಅಂಕಿ ಇದೆ. ಪಕ್ಕದಲ್ಲಿ ಕಾರಣ ಇಲ್ಲ.

೫ ನವೆಂಬರ್, ಬುಧವಾರ

ಒಂದನೇ ಎಕ್ಸ್‌ಟೆನ್ಷನ್ ನೋಡಿದೆ. ಬಲಗಡೆ ಚಾಟ್ ಕಿಟಕಿ. ಕನ್ನಡದಲ್ಲಿ ಕೇಳಿದರೂ ಉತ್ತರಿಸುತ್ತದೆ, ತುಸು ಪಠ್ಯಪುಸ್ತಕದ ಕನ್ನಡ. ಏನು ಬದಲಿಸಬೇಕಾದರೂ ಮೊದಲು ತೋರಿಸುತ್ತದೆ. ತೆಗೆಯುವ ಸಾಲು ಕೆಂಪು, ಸೇರಿಸುವ ಸಾಲು ಹಸಿರು. ಪ್ರತಿ ಸಲ "ಸರಿಯೇ?" ಒಂದು ಗಂಟೆಯಲ್ಲಿ ಮೂರು ಸಾಲು ಮುಗಿಯಿತು. ಹೆಸರಿಟ್ಟೆ: ನಿಧಾನಿ.

ಒಂದು ಗುಣ — ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ.

೬ ನವೆಂಬರ್, ಗುರುವಾರ, ಮಧ್ಯಾಹ್ನ

ಎರಡನೆಯದು. ಹೆಸರು: ಚುರುಕ. ಇದಕ್ಕೆ ಇಡೀ ಫೋಲ್ಡರ್ ಕೊಟ್ಟು, ತಪ್ಪಿದ್ದರೆ ಸರಿ ಮಾಡು ಅಂದರೆ ಸಾಕು. ತಾನೇ ಓದಿತು. ತಾನೇ ಓಡಿಸಿ ನೋಡಿತು. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಹದಿನಾಲ್ಕು ಬದಲಾವಣೆ, ಪ್ರತಿಯೊಂದಕ್ಕೂ ವಿವರಣೆ. ಆರು ಓದಿದೆ. ಎಲ್ಲ ಸರಿ ಇದ್ದವು, ನಾನು ನಾಚುವಷ್ಟು ಸರಿ. ಅಕ್ಷರ ಸಣ್ಣದು, ಕಣ್ಣು ಉರಿಯಿತು. "ಆಕ್ಸೆಪ್ಟ್ ಆಲ್" ಒತ್ತಿದೆ.

ಚುರುಕನಿಗೆ ಮಾರ್ಕು ಜಾಸ್ತಿ.

೭ ನವೆಂಬರ್, ಶುಕ್ರವಾರ

ಬೆಳಿಗ್ಗೆ ಆರಕ್ಕೆ ಮೋಟಾರುಗಳ ಸದ್ದು. ಗಡಿಯಾರ ನೋಡಿದೆ. ಆರೇ. ಫೋನ್ ನೋಡಿದೆ — "ಇಂದು ೬.೦೦ಕ್ಕೆ ನೀರು ಬರುತ್ತದೆ."

ಚುರುಕನ ಪಟ್ಟಿಯ ಹನ್ನೊಂದನೇ ಬದಲಾವಣೆಯನ್ನು ಆಗ ಓದಿದೆ: "ವಾಲ್ವ್ ಸಮಯಕ್ಕೂ ಸಂದೇಶದ ಸಮಯಕ್ಕೂ ಕಾರಣವಿಲ್ಲದೆ ೨೦ ನಿಮಿಷ ವ್ಯತ್ಯಾಸವಿತ್ತು. ಸರಿಪಡಿಸಲಾಗಿದೆ."

ಏಳೂವರೆಗೆ ಬೋರಮ್ಮ ಬಂದಳು. ಕೊನೇ ಬೀದಿಯ ಮೊದಲ ಮನೆ. ಕಂಕುಳಲ್ಲಿ ಖಾಲಿ ಕೊಡ. ಗೇಟಿನ ಮುಂದೆ ಇಟ್ಟು ಬೆರಳಲ್ಲಿ ತಟ್ಟಿದಳು. ಟಣ್ ಅಂತು.

"ಕೇಳುಸ್ತಾ ಮಂಟಣ್ಣ?"

"ಕೇಳಿಸ್ತು ಕಣಮ್ಮ."

"ಹನ್ನೊಂದ್ ಮನೇಲೂ ಇದೇ ಸಂಗೀತ. ನಲ್ಲಿ ಬಾಯ್ ಬುಡ್ತು, ಬರೀ ಗಾಳಿ. ಆ ವಿಜಯ್‌ಕುಮಾರುನ್ನ ಬೈದ್ರೆ, ನಂಗೇನ್ ಗೊತ್ತಕ್ಕ, ಕಂಪ್ಯೂಟ್ರು ಯೋಳ್ದಂಗ್ ತಿರುಗುಸ್ದೆ ಅಂತನೆ. ಕಂಪ್ಯೂಟ್ರು ಯಾರ್ದು?"

"ನಂದೇ."

"ನಿಂದೇ ಅಂತ್ಲೇ ಬಂದಿವ್ನಿ."

ನಮ್ಮ ಸಿಂಟೆಕ್ಸಿನಿಂದ ನಾಲ್ಕು ಕೊಡ ಹಿಡಿಸಿದೆ. ಉಳಿದ ಹತ್ತು ಮನೆಗೆ ಹಿಡಿಸಲಾಗಲಿಲ್ಲ.

ಸಂಘದ ಅಧ್ಯಕ್ಷೆ ಶಾಂತಾದೇವಿಯವರ ಫೋನು ಒಂಬತ್ತಕ್ಕೆ. ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದವರು. "ಮಂಟಯ್ಯನವರೇ, ಇವತ್ತು ನೀರು ಮೆಸೇಜ್ ಪ್ರಕಾರ ಸೆಕೆಂಡ್ ಸಮೇತ ಬಂತು ಕಣ್ರೀ! ಮೊದಲ ನೀರೇ ಕನ್ನಡಿ ಥರ ಇತ್ತು. ಹೊಲಸು ಅಂತ ಇಷ್ಟು ವರ್ಷ ಸುಮ್ನೆ ಕಾದ್ವಿ ನೋಡಿ."

ಹೂಂ ಅಂದು ಫೋನಿಟ್ಟೆ.

೮ ನವೆಂಬರ್, ಶನಿವಾರ

೨೦ ಮತ್ತೆ ಹಾಕಿದೆ. ಕೈಯಲ್ಲೇ.

ಚುರುಕನ ಮೇಲೆ ಸಿಟ್ಟಿಲ್ಲ. ಎರಡು ಗಡಿಯಾರ ಬೇರೆ ಬೇರೆ ಹೊತ್ತು ತೋರಿಸಿದರೆ ಯಾರಾದರೂ ಸರಿ ಮಾಡುತ್ತಾರೆ. ಓದದೆ ಒತ್ತಿದ್ದು ನಾನು. ನಕಲು ಫೋಲ್ಡರ್ ಮಾಡಿಕೊಳ್ಳದೆ ಅಸಲಿಗೇ ಕೈ ಹಾಕಿಸಿದ್ದೂ ನಾನು.

ಈ ಸಲ ನಕಲು ಮಾಡಿ ಅದೇ ಕೆಲಸ ನಿಧಾನಿಗೆ ಕೊಟ್ಟೆ. ೨೦ರ ಹತ್ತಿರ ನಿಂತಿತು. "ಈ ವ್ಯತ್ಯಾಸ ಉದ್ದೇಶಪೂರ್ವಕವೇ? ಕಾರಣ ನಮೂದಾಗಿಲ್ಲ."

ಹೌದು ಅಂತ ಟೈಪ್ ಮಾಡಿದೆ.

"ಮುಂದೆ ನೋಡಿಕೊಳ್ಳುವವರಿಗಾಗಿ ಕಾರಣವನ್ನು ಕಾಮೆಂಟ್ ಆಗಿ ಬರೆಯಲೇ?"

ಊಟಕ್ಕೆ ಎದ್ದೆ.

೧೧ ನವೆಂಬರ್, ಮಂಗಳವಾರ

ಮೆಸೇಜು ಆರೂ ಇಪ್ಪತ್ತು ಅಂದಿತು. ಮೋಟಾರುಗಳು ಆರಕ್ಕೇ ಶುರು. ನೀರು ಆರಕ್ಕೇ ಬರುತ್ತದೆ, ಮೊದಲ ನೀರು ಹೊಲಸಲ್ಲ ಅಂತ ಶುಕ್ರವಾರವೇ ಗೊತ್ತಾಗಿಬಿಟ್ಟಿದೆ. ಅಂಕಿ ವಾಪಸು ಬಂತು, ಜನರ ನಂಬಿಕೆ ಬರಲಿಲ್ಲ.

ಕೊನೇ ಬೀದಿಗೆ ಮನೆಗೊಂದು ಕೊಡ.

ಸಂಜೆ ಹರ್ಷಿತಾಳನ್ನು ಕೂರಿಸಿ ಎಲ್ಲ ಹೇಳಿದೆ. ಮೂವತ್ತು ವರ್ಷದ್ದು, ಭಾವನದು, ನನ್ನದು. ಬಾಯಿ ತೆರೆದು ಕೇಳಿದಳು.

"ತಾತ, ಅಂದ್ರೆ ನಮ್ಮನೇಗೂ ಸುಳ್ಳೇ ಹೇಳ್ತಿದ್ರಾ?"

"ಹೂಂ ಕಣಮ್ಮ. ವಾರಕ್ಕೆರಡು ಸಲ."

ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ನಿಜಾನೇ ಹೇಳ್ಬಿಡೋಣ. ಆರರಿಂದ ಆರೂ ಇಪ್ಪತ್ತು ಕೊನೇ ಬೀದೀಗೆ, ಆಮೇಲೆ ಉಳಿದೋರು ಮೋಟಾರ್ ಹಾಕ್ಲಿ. ಮೀಟಿಂಗ್‌ನಲ್ಲಿ ಕೇಳಿದ್ರೆ ಯಾರ್ ತಾನೆ ಬೇಡ ಅಂತಾರೆ?"

ಯಾರೂ ಬೇಡ ಅನ್ನುವುದಿಲ್ಲ. ನನಗಿರುವ ಭಯ ಅದಲ್ಲ, ಒಪ್ಪಿದ ಮೇಲಿನದು.

ಭಾವನಿಗೆ ಎಲ್ಲ ಬರೆದು ಕಾಗದ ಹಾಕಿದೆ. ಇದು ಕಾರ್ಡಿಗೆ ಹಿಡಿಸಲಿಲ್ಲ, ಇನ್‌ಲ್ಯಾಂಡ್ ತಂದೆ. ನಯನಾಳ ಮೊಬೈಲಿಗೂ ಒಂದು ಮೆಸೇಜು, ಉತ್ತರ ಬೇಗ ಬರಲಿ ಅಂತ.

೧೫ ನವೆಂಬರ್, ಶನಿವಾರ

ನಿನ್ನೆಯೂ ಮನೆಗೊಂದೇ ಕೊಡ.

ನಯನಾ ಉತ್ತರ ಕಳಿಸಿದಳು. ಭಾವ ಹೇಳಿದ್ದನ್ನು ಹಾಗೇ ಟೈಪ್ ಮಾಡಿದ್ದಾಳೆ: "ಮೂವತ್ ವರ್ಸ ನೀರ್ ಬುಟ್ಟೆ. ಒಂದಿನವೂ ಯಾರ್ನೂ ಕೇಳ್ಲಿಲ್ಲ. ನೀನು ಕೇಳೋನು. ಕೇಳು, ನೋಡವಾ."

ಬೈದದ್ದೋ ಒಪ್ಪಿದ್ದೋ ತಿಳಿಯದು. ಒಪ್ಪಿಗೆ ಅಂತ ಇಟ್ಟುಕೊಂಡೆ.

೧೬ ನವೆಂಬರ್, ಭಾನುವಾರ

ಪಾರ್ಕಿನ ಮಂಟಪದಲ್ಲಿ ಮೀಟಿಂಗ್. ಮೂವತ್ತೊಂದು ಮನೆಯವರು ಬಂದಿದ್ದರು. ಕೊನೇ ಬೀದಿಯಿಂದ ಬೋರಮ್ಮ ಒಬ್ಬಳೇ, ಮೆಟ್ಟಿಲ ಮೇಲೆ ಕುಳಿತಳು. ಕುರ್ಚಿಗೆ ಕರೆದರೂ ಬರಲಿಲ್ಲ.

ಎದ್ದು ನಿಂತು ಹೇಳಿದೆ. ಐದು ನಿಮಿಷ ಹಿಡಿಯಿತು.

ಶಾಂತಾದೇವಿಯವರು ಕನ್ನಡಕ ತೆಗೆದರು. "ನಾಲ್ಕು ವರ್ಷ ನಮಗೆ ಸುಳ್ಳು ಮೆಸೇಜ್ ಕಳಿಸಿದ್ರಾ?"

"ಹೌದು ಮೇಡಂ."

"ನಮ್ಮನ್ನ ಒಂದು ಮಾತು ಕೇಳಿದ್ರೆ ಕೊಡ್ತಿರ್ಲಿಲ್ವಾ? ನಾವೇನು ಮನುಷ್ಯರಲ್ವಾ?"

ಹಿಂದಿನಿಂದ ಯಾರೋ, "ಇಪ್ಪತ್ತು ನಿಮಿಷ ತಾನೆ, ಕೊಡೋಣ ಬಿಡ್ರೀ" ಅಂದರು. ಅಧ್ಯಕ್ಷೆ ಕೈ ಎತ್ತಲು ಹೇಳಿದರು. ಮೂವತ್ತೊಂದು ಕೈ. ಕೊನೆಗೆ ಚಪ್ಪಾಳೆ ಕೂಡ.

ಬೋರಮ್ಮ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಳು: "ಅಂಗಾದ್ರೆ ಇಷ್ಟ್ ದಿನ ಕದ್ದು ಕೊಡ್ತಿದ್ರಾ ನಮ್ಗೆ?"

"ಹಂಗೇ ಅನ್ಕೊ."

"ಯೋಳ್ಬಾರ್ದಾಗಿತ್ತು," ಅಂದಳು. ಯಾರಿಗೆ — ಅವಳಿಗೋ, ಬಡಾವಣೆಯವರಿಗೋ?

ರಾತ್ರಿ ಊಟಕ್ಕೆ ಮೊದಲು ನಿಧಾನಿಗೆ ಕಾರಣ ಬರೆಸಿದೆ. ೨೦ರ ಪಕ್ಕದಲ್ಲಿ ಈಗ ಎರಡು ಸಾಲು ಕನ್ನಡವಿದೆ. ಮೆಸೇಜಿನಲ್ಲೂ ನಿಜ: ಆರರಿಂದ ಕೊನೇ ಬೀದಿ, ಆರೂ ಇಪ್ಪತ್ತರಿಂದ ಉಳಿದವರು.

ಆರಿಸಿಯೂ ಆಯಿತು. ನಿಧಾನಿ. ಹರ್ಷಿತಾ ಚುರುಕನನ್ನು ತೆಗೆಯುವಾಗ ಸ್ವಲ್ಪ ಬೇಜಾರು ಮಾಡಿಕೊಂಡಳು. "ಇದು ಹತ್ ನಿಮಿಷದ್ ಕೆಲ್ಸಕ್ಕೆ ಒಂದ್ ಗಂಟೆ ಕೂರ್ಸತ್ತೆ ತಾತ." ಕೂರಿಸಲಿ.

೧೮ ನವೆಂಬರ್, ಮಂಗಳವಾರ

ಆರರಿಂದ ಆರೂ ಹತ್ತರವರೆಗೆ ಬಡಾವಣೆಯೆಲ್ಲ ಮೌನ. ಕಾಂಪೌಂಡಿನ ಹೊರಗೆ ನಿಂತು ಕೇಳಿದೆ. ಆರೂ ಹನ್ನೆರಡಕ್ಕೆ ಒಂದು ಮೋಟಾರ್. ಮೂರನೇ ಕ್ರಾಸು, ಹಸಿರು ಗೇಟು. ಅದರ ಬೇರಿಂಗ್ ಕೂಗುವುದು ನನಗೆ ಗೊತ್ತು, ಬದಲಿಸಿ ಅಂತ ಎರಡು ಸಲ ಹೇಳಿದ್ದೆ. ಆಮೇಲೆ ಇನ್ನೊಂದು.

ಕೊನೇ ಬೀದಿಗೆ ಮನೆಗೆ ಆರು ಕೊಡ.

೨೧ ನವೆಂಬರ್, ಶುಕ್ರವಾರ

ಆರೂ ಐದಕ್ಕೆ ಹಸಿರು ಗೇಟು. ಆರೂ ಎಂಟರ ಹೊತ್ತಿಗೆ ಏಳು ಮೋಟಾರ್. ಏಳನ್ನೂ ಸದ್ದಿನಲ್ಲೇ ಗುರುತು ಹಿಡಿದೆ. ಏಳೂ ಮನೆಯವರು ಭಾನುವಾರ ಕೈ ಎತ್ತಿದ್ದರು. ಒಬ್ಬರು ಶುರು ಮಾಡಿದರೆ ಪಕ್ಕದವರು ಸುಮ್ಮನಿರುವುದು ಕಷ್ಟ. ಅದೂ ಅರ್ಥವಾಗುತ್ತದೆ.

ಮನೆಗೆ ಮೂರು ಕೊಡ.

ಬೋರಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದಳು. ಶಾಂತಾದೇವಿಯವರಿಗೆ ಹೇಳುತ್ತೇನೆ, ಇನ್ನೊಂದು ಮೀಟಿಂಗ್ ಕರೆಸುತ್ತೇನೆ ಅಂದೆ. ಈಗ ಎಲ್ಲರಿಗೂ ನಿಜ ಗೊತ್ತಿದೆಯಲ್ಲ ಅಂದೆ.

ತಲೆ ಎತ್ತದೆ ಅಂದಳು: "ನಿಜಾನ ಕುಡಿಯಕ್ಕಾಯ್ತದಾ ಮಂಟಣ್ಣ?"

೨೨ ನವೆಂಬರ್, ಶನಿವಾರ

ಅಕ್ಕ, ಇದನ್ನು ಭಾವನ ಕೈಗೇ ಕೊಡು, ಅವರೇ ಓದಲಿ.

ಭಾವ, ಕೇಳಿದೆ. ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ ಮೊದಲ ವಾರದಲ್ಲೇ ಆರು ಕೊಡ ಮೂರಕ್ಕೆ ಇಳಿಯಿತು. ನೀವು ಹೇಳದೆ ಕೊಟ್ಟಾಗ ಎಂಟು ಇತ್ತು. ಶಾಂತಾದೇವಿಯವರು ಹಸಿರು ಗೇಟಿನವರಿಗೆ ಹೇಳಿ ನೋಡಿದರಂತೆ. "ನಾವೊಬ್ರೇನಾ ಹಾಕೋದು?" ಅಂದರಂತೆ.

ನಿನ್ನೆ ವಿಜಯ್‌ಕುಮಾರನ ಹತ್ತಿರ ಮಾತಾಡಿದೆ. ಪಟ್ಟಿಯಲ್ಲಿ ಐದೂ ನಲವತ್ತು ಅಂತ ಬಂದರೆ ಐದೂ ನಲವತ್ತಕ್ಕೇ ತಿರುಗಿಸುತ್ತಾನೆ, ಯಾಕೆ ಅಂತ ಕೇಳುವವನಲ್ಲ. ಮೆಸೇಜು ಆರು ಅಂತಲೇ ಇರುತ್ತದೆ. ಕೊನೇ ಬೀದಿಗೆ ಮತ್ತೆ ಎಂಟು ಕೊಡ ಆಗುತ್ತದೆ. ಆದರೆ ಎಲ್ಲರ ಮುಂದೆ ನಿಂತು ನಿಜ ಹೇಳಿ ಬಂದವನು ನಾನು. ಇದು ನಿಮ್ಮ ಸುಳ್ಳಲ್ಲ, ನನ್ನದಾಗುತ್ತದೆ. ಡಿಸೆಂಬರ್ ಒಂದರಿಂದ ಆ ಹುಡುಗಿ ಹರ್ಷಿತಾಳದೂ ಆಗುತ್ತದೆ. ಅವಳಿಗೆ ಇನ್ನೂ ಹೇಳಿಲ್ಲ.

ಐದೂ ನಲವತ್ತು ಅಂತ ಟೈಪ್ ಮಾಡಿಟ್ಟಿದ್ದೇನೆ, ಸೇವ್ ಮಾಡಿಲ್ಲ. ನಿಧಾನಿ ಎಂದಿನಂತೆ ಕಾರಣ ಕೇಳುತ್ತಿದೆ. ಬರೆದರೆ ಹರ್ಷಿತಾ ಓದುತ್ತಾಳೆ. ಬರೆಯದಿದ್ದರೆ ನಾಳೆ ಯಾರೋ ತಪ್ಪು ಅಂದುಕೊಂಡು ಅಳಿಸುತ್ತಾರೆ.

ನೀವು ಆ ಮೂವತ್ತು ವರ್ಷದಲ್ಲಿ ಒಂದು ದಿನವಾದರೂ — ಇರಲಿ, ಅದನ್ನು ಕೇಳುವುದಿಲ್ಲ. ಹಾಕಲೋ ಬೇಡವೋ, ಒಂದೇ ಮಾತು ಸಾಕು. ಇದು ಮುಟ್ಟುವಷ್ಟರಲ್ಲಿ ಮಂಗಳವಾರದ ನೀರು ಮುಗಿದಿರುತ್ತದೆ, ಶುಕ್ರವಾರ ಮತ್ತೆ ನೀರಿನ ದಿನ. ಬೇಗ ಬರೀರಿ. ಕಾರ್ಡು ತಡವಾಗುವುದಾದರೆ ನಯನಾಳ ಕೈಲಿ ಒಂದು ಮೆಸೇಜು ಹಾಕಿಸಿ.