ಕೊನೆಯ ದಿನಾಂಕ ಜೂನ್ ಇಪ್ಪತ್ತು

ಜೂನ್ 1, ಸೋಮವಾರ

ವಾರದ ಪ್ರಕಟಣೆಯ ಹಾಳೆ ಹೊರಟಿತು. ಹನ್ನೊಂದೂವರೆಗೆ ಮೇಲ್, ಹನ್ನೆರಡಕ್ಕೆ ನೋಟಿಸ್ ಬೋರ್ಡು. ಹದಿನೆಂಟು ಬೋರ್ಡಿಗೆ ಹದಿನೆಂಟು ಪ್ರತಿ. ಅದರಲ್ಲಿ ಎರಡು ಯಾವಾಗಲೂ ಊಟದ ಹೊತ್ತಿಗೆ ಮಾಯ. ಯಾರು ಒಯ್ಯುತ್ತಾರೋ, ಏನಕ್ಕೆ ಬಳಸುತ್ತಾರೋ... ವಿಚಾರಿಸಲು ಹೋಗಿಲ್ಲ.

ಈ ವಾರದ ಸೇವೆಗಳು: ದಂತ ವೈದ್ಯರು ಬುಧವಾರದ ಬದಲು ಗುರುವಾರ, ಬಸ್ಸು ಹೊಸ ಹಾಸ್ಟೆಲ್ ತನಕ. ಸುರಕ್ಷತೆ: ಲ್ಯಾಬಿಗೆ ಚಪ್ಪಲಿ ಬೇಡ, ಫೋನ್ ನೋಡುತ್ತ ಮೆಟ್ಟಿಲಿಳಿಯಬೇಡಿ, ಲೈಬ್ರರಿ ಲಿಫ್ಟಿನಲ್ಲಿ ಆರೇ ಜನ, ನೇಮಿಸಿದವರ ಹೊರತು ಯಾರೂ ಅದರ ಹಿಡಿಕೆ ಮುಟ್ಟಬಾರದು. ಕಲಿಕೆಯ ಅವಕಾಶಗಳು: ಹನ್ನೊಂದು. ಹತ್ತನೆಯದು ಸಂಜೆ ಕಾಲೇಜಿನ ಪದವಿ, ಸಿಬ್ಬಂದಿಗೆ ಎರಡು ಸೀಟು.

ಕಳೆದ ವರ್ಷದ ಇದೇ ವಾರದ ಫೈಲ್ ತೆರೆಯುವುದು, ಬೇರೆ ಹೆಸರಿನಲ್ಲಿ ಸೇವ್ ಮಾಡುವುದು, ತಾರೀಖು ಬದಲಿಸುವುದು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ವಿಶ್ವವಿದ್ಯಾಲಯವೇ ಪ್ರತಿ ವರ್ಷ ಹೇಳಿದ್ದನ್ನೇ ಹೇಳುತ್ತಿರುವಾಗ ನಾನೊಬ್ಬಳು ಹೊಸದಾಗಿ ಬರೆದು ಯಾವ ಗುಡ್ಡ ಕಡಿಯಬೇಕು. ಒಂದೇ ಸಲ ಎಡವಿದ್ದು. ಹೋದ ವರ್ಷ ನೀರಿನ ಟ್ಯಾಂಕ್ ತೊಳೆಯುವ ದಿನ ತಪ್ಪು ಹಾಕಿದೆ. ಹಾಸ್ಟೆಲ್ ಹುಡುಗಿಯರು ತಲೆತುಂಬ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸುತ್ತ ನಿಂತರು. ಒಂದು ಮೆಮೊ ಬಂತು. ಇನ್ನೊಂದು ಬಂದರೆ ಹಾಳೆ ಬೇರೆಯವರಿಗೆ, ನಾನು ಸ್ಟೋರ್ಸ್‌ಗೆ ಎಂದು ಉಪಕುಲಸಚಿವರು ಆಗಲೇ ಹೇಳಿಟ್ಟಿದ್ದಾರೆ.

ಜೂನ್ 4

ನಾದಿನಿಗೆ ಹಾಳೆ ಕಂಡರೆ ತಮಾಷೆ. ಕ್ಲಿನಿಕ್ಕಿನಿಂದ ಬಂದವಳು ಚೀಲ ಇಡುವ ಮೊದಲೇ ಶುರು. ಅತ್ತಿಗೆ, ಇವತ್ತು ಜಗತ್ತನ್ನು ಎಷ್ಟು ಅಪಾಯಗಳಿಂದ ಕಾಪಾಡಿದಿರಿ ಎಂದು. ಅವಳ ಅಣ್ಣ ಇದ್ದಾಗಲೂ ಹೀಗೇ ಕಾಲೆಳೆಯುತ್ತಿದ್ದಳು. ಅವರು ಹೋಗಿ ಒಂಬತ್ತು ವರ್ಷ. ಕಾಲೆಳೆಯಲು ಈಗ ಇರುವುದು ನಾನೊಬ್ಬಳೇ, ಎರಡು ಪಾಲು ನನಗೇ ಬರುತ್ತದೆ.

ಅದನ್ನು ಯಾರೂ ಓದುವುದಿಲ್ಲ ಎನ್ನುತ್ತಾಳೆ. ಓದುತ್ತಾರೆ ಎಂದೆ. ಒಬ್ಬರ ಹೆಸರು ಹೇಳಿ ಎಂದಳು. ಸೊಪ್ಪು ಸೋಸುವ ಕಡೆ ಗಮನ ಕೊಟ್ಟೆ.

ಜೂನ್ 9

ಒಬ್ಬ ಸಿಕ್ಕಿದ. ಲೈಬ್ರರಿಯ ಲಿಫ್ಟಿನಾತ.

ಹಳೇ ಲಿಫ್ಟು, ಜಾಲರಿ ಬಾಗಿಲು, ಹಿತ್ತಾಳೆ ಹಿಡಿಕೆ. ಅದನ್ನು ಏರಿಸಿ ಇಳಿಸಲು ಆತನೇ ಬೇಕು. ಮೂಲೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಕೆಳಗೆ ಪುಸ್ತಕ. ನಾಲ್ಕನೇ ಮಹಡಿ ತಲುಪುವಷ್ಟರಲ್ಲಿ ಅರ್ಧ ಪುಟ ಓದುತ್ತಾನಂತೆ, ಖಾಲಿ ಇಳಿಯುವಾಗ ಒಂದು ಪುಟ. ಶಾಲೆಯಲ್ಲಿ ನಿಂತುಹೋದ ಓದನ್ನು ಹೀಗೇ ಮಹಡಿ ಲೆಕ್ಕದಲ್ಲಿ ಮುಂದುವರಿಸಿ, ಈ ಮಾರ್ಚಿನಲ್ಲಿ ಪಿಯುಸಿ ಪಾಸು ಮಾಡಿದ್ದಾನೆ. ಯಾರಿಗೂ ಹೇಳಿಲ್ಲ. ನನಗೂ ಹೇಳುತ್ತಿರಲಿಲ್ಲ, ಹಾಳೆಯ ಹತ್ತನೇ ಐಟಂ ಬಗ್ಗೆ ಕೇಳಬೇಕಾಗಿತ್ತು ಅಷ್ಟೆ.

ಅರ್ಜಿ ತುಂಬಿ ಆಗಿದೆ. ಆತನನ್ನು ಕೆಲಸಕ್ಕಿಟ್ಟ ಗುತ್ತಿಗೆ ಏಜೆನ್ಸಿಯ ಒಪ್ಪಿಗೆ ಪತ್ರ ಬರಬೇಕು, ಅವರು ಹದಿನೇಳಕ್ಕೆ ಕೊಡುತ್ತೇವೆ ಎಂದಿದ್ದಾರೆ. ಇಪ್ಪತ್ತರವರೆಗೆ ಟೈಮ್ ಇದೆಯಲ್ಲ, ಅವಸರ ಮಾಡಲಿಲ್ಲ ಎಂದ. ಸಿಬ್ಬಂದಿ ಸೀಟಿಗೆ ಜುಲೈ ಒಂದಕ್ಕೆ ನಲವತ್ತೈದು ವರ್ಷ ತುಂಬಿರಬಾರದು. ಆತನಿಗೆ ಆಗಸ್ಟಿನಲ್ಲಿ ತುಂಬುತ್ತದೆ. ಈ ವರ್ಷ ಬಿಟ್ಟರೆ ಇಲ್ಲ.

ಧಾರಾಳ ಟೈಮ್ ಇದೆ ಎಂದು ನಾನೂ ಹೇಳಿದೆ. ರಾತ್ರಿ ನಾದಿನಿಗೆ ಹೇಳಿದಾಗ ಜಂಬ ಸ್ವಲ್ಪ ಹೆಚ್ಚೇ ಆಯಿತು.

ಜೂನ್ 18, ಗುರುವಾರ, ಬೆಳಗ್ಗೆ 11.30

ಲಿಫ್ಟಿನಾತ ನನ್ನ ರೂಮಿಗೆ ಬಂದಿದ್ದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಬಾಗಿಲ ಹತ್ತಿರವೇ ನಿಂತ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಅರ್ಜಿ.

ಸಂಜೆ ಕಾಲೇಜಿನ ಕೌಂಟರಿನಲ್ಲಿ ವಾಪಸು ಕಳಿಸಿದರಂತೆ. ಕೊನೆಯ ದಿನ ಹನ್ನೆರಡಕ್ಕೇ ಮುಗಿಯಿತು, ಆರು ದಿನ ಎಲ್ಲಿ ಮಲಗಿದ್ದೆ ಎಂದು ಕೇಳಿದರಂತೆ.

“ನಾನೇ ತಪ್ಪು ಓದ್ಕೊಂಡೆ ಅನ್ಸುತ್ತೆ ಮೇಡಂ. ಹನ್ನೆರಡು ಅಂತಿದ್ದಿದ್ದು ನನ್ನ ಕಣ್ಣಿಗೆ ಇಪ್ಪತ್ತು ಅಂತ ಕಾಣ್ತೋ ಏನೋ. ಓದು ಅಭ್ಯಾಸ ತಪ್ಪಿದೋರಿಗೆ ಹೀಗೇ ಆಗೋದು.”

ನೋಡ್ತೀನಿ ಎಂದೆ. ಲಿಫ್ಟ್ ಬಿಟ್ಟು ಬಂದಿದೀನಿ, ಜನ ಕಾಯ್ತಾರೆ ಎಂದು ಹೋದ.

ಅದೇ ದಿನ, 12.15

ನೋಡಿದೆ. ಆತ ತಪ್ಪು ಓದಿಲ್ಲ.

ಕಾಲೇಜಿನವರು ಕಳಿಸಿದ ಇಮೇಲಿನಲ್ಲಿ ಹನ್ನೆರಡು. ನನ್ನ ಹಾಳೆಯಲ್ಲಿ ಇಪ್ಪತ್ತು. ಇಪ್ಪತ್ತು ಕಳೆದ ವರ್ಷದ್ದು. ಹತ್ತು ಐಟಂಗಳ ತಾರೀಖು ಬದಲಿಸಿದ್ದೇನೆ, ಅದೊಂದನ್ನು ಬಿಟ್ಟಿದ್ದೇನೆ. ಕಳೆದ ವರ್ಷ ಇಪ್ಪತ್ತು ಶುಕ್ರವಾರ, ಈ ವರ್ಷ ಶನಿವಾರ, ಅರ್ಧ ದಿನದ ಆಫೀಸು. ಯಾವ ಕಾಲೇಜು ಶನಿವಾರ ಕೊನೆಯ ದಿನ ಇಡುತ್ತದೆ? ನಾನು ನೋಡಲಿಲ್ಲ. ನೋಡುವವಳೂ ನಾನೊಬ್ಬಳೇ.

ಲೈಬ್ರರಿಗೆ ಹೋಗಬೇಕಿತ್ತು. ಮೆಟ್ಟಿಲು ಹತ್ತಿದೆ, ಲಿಫ್ಟಿನ ಕಡೆ ಹೋಗಲಿಲ್ಲ.

ಜೂನ್ 19, ಶುಕ್ರವಾರ

ಉಪಕುಲಸಚಿವರಿಗೆ ಹೇಳಿದೆ. ಚಹಾ ಕುಡಿಯುತ್ತಲೇ ಕೇಳಿದರು. ಎಷ್ಟು ಜನರಿಗೆ ತೊಂದರೆಯಾಗಿದೆ ಎಂದರು. ಗೊತ್ತಿರುವಂತೆ ಒಬ್ಬರಿಗೆ. ಹಾಗಾದರೆ ವೆಬ್‌ಸೈಟಿನ ಫೈಲು ತಿದ್ದಿಬಿಡಿ, ಬೋರ್ಡಿನ ಪ್ರತಿಗಳ ಮೇಲೆ ಹೇಗೂ ಹೊಸ ಹಾಳೆ ಬಿದ್ದಿದೆ, ಇಮೇಲನ್ನು ಯಾರು ಇಟ್ಟುಕೊಂಡಿರುತ್ತಾರೆ ಎಂದರು. ಮುಂದಿನ ವರ್ಷ ಆತನಿಗೆ ವಯಸ್ಸು ಮೀರುತ್ತದೆ ಎಂದೆ. ನಿಯಮ ನಾನು ಮಾಡಿದ್ದಲ್ಲ ಎಂದರು. ಕೆಟ್ಟವರಲ್ಲ. ನನ್ನನ್ನು ಉಳಿಸಲಿಕ್ಕೇ ಹೇಳಿದ್ದು.

12.10ಕ್ಕೆ ತಿದ್ದಿದೆ. ಎರಡು ಅಂಕಿ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಈಗ ಆತ ಹಾಳೆ ತೆರೆದು ನೋಡಿದರೆ ಹನ್ನೆರಡು ಎಂದೇ ಇರುತ್ತದೆ. ತಪ್ಪು ತನ್ನದೇ ಎಂದು ಪೂರ್ತಿ ನಂಬುತ್ತಾನೆ.

ನಾಚಿಕೆಯಾಯಿತು. ಬೇರೆ ಪದ ಹುಡುಕಿದೆ, ಇಲ್ಲ.

ಸಂಜೆ 7

ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ನಾದಿನಿ ಏನೆಂದು ಕೇಳಿದಳು. ಹೇಳಿದೆ. ಈ ಸಲ ತಮಾಷೆ ಮಾಡಲಿಲ್ಲ.

“ಸ್ಟೋರ್ಸ್‌ಗೆ ಹಾಕಿದ್ರೆ ಹಾಕ್ಲಿ ಅತ್ತಿಗೆ. ಅಲ್ಲೂ ಕುರ್ಚಿ ಇರುತ್ತೆ. ಆದ್ರೆ ಆ ಮನುಷ್ಯ ಇನ್ನು ಏನು ಓದಿದ್ರೂ ತಾನು ಸರಿಯಾಗಿ ಓದಿದೀನಾ ಅಂತ ಎರಡೆರಡು ಸಲ ನೋಡ್ತಾನೆ. ಅದನ್ನ ನೋಡ್ಕೊಂಡು ನೀವು ಅಲ್ಲೇ ಇರ್ಬೇಕಲ್ಲ.”

ಆಮೇಲೆ ಉಪ್ಪಿನ ಡಬ್ಬ ಎಲ್ಲಿಟ್ಟಿರಿ ಎಂದು ಕೇಳಿದಳು.

ಮನೆಯಲ್ಲಿ ಜೂನ್ ಒಂದರ ಹಾಳೆ ಇತ್ತು, ಡ್ರಾಯರಿಗೆ ಹಾಸಿದ್ದು. ತೆಗೆದು ಮೊದಲಿಂದ ಕೊನೆಯವರೆಗೆ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ನಾನೇ ಹದಿನಾಲ್ಕು ವರ್ಷದಿಂದ ಬಿಡದೆ ಉಳಿಸಿಕೊಂಡು ಬಂದ ಸಾಲು: ಇದೇ ಅಧಿಕೃತ ಪ್ರಕಟಣೆ, ಬೇರೆ ಸೂಚನೆ ಕೊಡಲಾಗುವುದಿಲ್ಲ.

ಇದೇ ಅಧಿಕೃತವಾದರೆ ಕೊನೆಯ ದಿನ ನಾಳೆ. ಮಧ್ಯಾಹ್ನ ಒಂದರ ತನಕ.

ಜೂನ್ 20, ಶನಿವಾರ

ಎಂಟೂಕಾಲಿಗೆ ಕ್ಯಾಂಪಸ್ಸು. ಲೈಬ್ರರಿ ನೆಲಮಹಡಿಯ ಬೋರ್ಡಿಗೆ ಗಾಜಿನ ಬಾಗಿಲು, ಬೀಗದ ಕೈ ಸೆಕ್ಯುರಿಟಿಯವರ ಹತ್ತಿರ. ಹೊಸ ಹಾಳೆಗಳ ಅಡಿಯಲ್ಲಿ ಜೂನ್ ಒಂದರದ್ದು ಇನ್ನೂ ಇತ್ತು, ನನ್ನ ಸಹಿ, ಸೀಲು ಸಮೇತ. ಬಿಡಿಸಿಕೊಂಡೆ. ಪ್ರವೇಶಾತಿ ಸಮಿತಿಗೆ ಒಂದು ಪುಟದ ಪತ್ರ ಬರೆದೆ. ತಪ್ಪು ನನ್ನದು, ಹೀಗೆ ಆಯಿತು, ನಿನ್ನೆ ವೆಬ್‌ಸೈಟಿನಲ್ಲಿ ತಿದ್ದಿದವಳೂ ನಾನೇ. ಅದನ್ನು ಮತ್ತೆ ಮೊದಲಿನಂತೆ ಮಾಡಿದ್ದೇನೆ. ಯಾರು ತಿದ್ದಲು ಹೇಳಿದರು ಎಂದು ಬರೆಯಲಿಲ್ಲ. ಕೈ ನನ್ನದೇ.

ಕೌಂಟರು ಬೇಡ ಎನ್ನಬಹುದು, ಟಪಾಲು ವಿಭಾಗ ಬೇಡ ಎನ್ನುವಂತಿಲ್ಲ. ಅಲ್ಲಿ ಏನೇ ಕೊಟ್ಟರೂ ತಾರೀಖಿನ ಸೀಲು ಬೀಳುತ್ತದೆ. ಮದುವೆ ಕರೆಯೋಲೆಗೂ ಬಿದ್ದಿದ್ದನ್ನು ನೋಡಿದ್ದೇನೆ. ಇವತ್ತಿನ ಸೀಲು ಬಿದ್ದರೆ ಸಾಕು. ಆದರೆ ಅರ್ಜಿದಾರನೇ ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಬೇಕು.

ಪತ್ರ ಮುಗಿಯುವಷ್ಟರಲ್ಲಿ ಹನ್ನೆರಡು. ಲಿಫ್ಟಿನ ಹತ್ತಿರ ಹೋದೆ. ಆತನ ಹೊರತು ಯಾರೂ ಇರಲಿಲ್ಲ. ಸ್ಟೂಲಿನ ಕೆಳಗೆ ಪುಸ್ತಕವೂ ಇರಲಿಲ್ಲ.

“ನೀವು ಸರಿಯಾಗೇ ಓದಿದ್ರಿ. ಬರೆದೋಳು ನಾನು, ತಪ್ಪು ಬರೆದೆ. ಗುರುವಾರವೇ ಗೊತ್ತಾಗಿತ್ತು, ಹೇಳ್ಲಿಲ್ಲ.”

ಆತ ನನ್ನ ಮುಖ ನೋಡಲಿಲ್ಲ. ಹಿಡಿಕೆ ನೋಡುತ್ತಿದ್ದ. ಬೈಯಲಿ ಎಂದು ಕಾದೆ. ಬೈಯಲಿಲ್ಲ, ಅದು ಇನ್ನೂ ಕಷ್ಟ. ಎರಡು ರಾತ್ರಿ ನಿದ್ದೆ ಬರಲಿಲ್ಲ ಮೇಡಂ ಎಂದ. ಹೆಂಡತಿ ಕನ್ನಡಕ ಬದಲಿಸಿ ಎಂದಳಂತೆ.

ಅರ್ಜಿ ಎಲ್ಲಿ ಎಂದೆ. ಶರ್ಟಿನೊಳಗೆ, ಅದೇ ಕವರಿನಲ್ಲಿ. ನನ್ನ ಪತ್ರ, ಬೋರ್ಡಿನ ಹಾಳೆ ಕೈಗಿಟ್ಟು ಈಗಲೇ ಟಪಾಲಿಗೆ ಹೋಗಿ ಎಂದೆ. ಲಿಫ್ಟ್ ಬಿಟ್ಟು ಹೋಗೋ ಹಾಗಿಲ್ಲ, ಗುರುವಾರ ಬಿಟ್ಟಿದ್ದಕ್ಕೇ ಕಂಪ್ಲೇಂಟ್ ಆಗಿದೆ ಎಂದ. ಹಿಡಿಕೆ ನನಗೆ ತೋರಿಸಿ ಎಂದೆ. ಬಲಕ್ಕೆ ಮೇಲೆ, ಎಡಕ್ಕೆ ಕೆಳಗೆ, ಮಹಡಿಯ ಗೆರೆ ಕಂಡ ತಕ್ಷಣ ನಡುವೆ. ಎರಡು ಸಲ ಹೇಳಿಕೊಟ್ಟ. ಆಮೇಲೆ ಓಡಿದ.

ಸ್ಟೂಲಿನ ಮೇಲೆ ಕೂತೆ. ಎದುರಿಗೆ ಗೋಡೆಯ ಮೇಲೆ ನನ್ನದೇ ಸುರಕ್ಷತಾ ಸೂಚನೆ, ಹಿಡಿಕೆ ಯಾರೂ ಮುಟ್ಟಬಾರದು ಎಂದು. ಇಬ್ಬರು ವಿದ್ಯಾರ್ಥಿನಿಯರನ್ನು ಮೂರನೇ ಮಹಡಿಗೆ ಬಿಟ್ಟೆ. ಸ್ವಲ್ಪ ಕುಲುಕಿತು, ಅವರು ಫೋನಿನಿಂದ ತಲೆ ಎತ್ತಲಿಲ್ಲ. ಕೆಳಗೆ ಬಂದು ಜಾಲರಿ ತೆರೆದರೆ ಉಪಕುಲಸಚಿವರು. ಶನಿವಾರ ಪೇಪರ್ ಓದಲು ನಾಲ್ಕನೇ ಮಹಡಿಗೆ ಬರುತ್ತಾರೆ, ಮರೆತಿದ್ದೆ.

ಇದೇನಿದು ಎಂದರು. ಲಿಫ್ಟು ಸರ್ ಎಂದೆ. ಒಳಗೆ ಬಂದರು. ಆತ ಎಲ್ಲಿ ಎಂದು ಕೇಳಿದ್ದು ಎರಡನೇ ಮಹಡಿ ದಾಟಿದ ಮೇಲೆ.

“ಟಪಾಲಿಗೆ ಅರ್ಜಿ ಕೊಡೋಕೆ ಹೋಗಿದಾನೆ ಸರ್. ಜೊತೆಗೆ ನನ್ನ ಪತ್ರ ಇದೆ. ನಿನ್ನೆ ತಿದ್ದಿದ್ದನ್ನ ವಾಪಸ್ ತೆಗೆದಿದೀನಿ.”

ಅವರು ಗೋಡೆಯ ಸೂಚನೆ ಓದುತ್ತ ನಿಂತರು. ಬಹುಶಃ ಮೊದಲ ಸಲ.

“ಸ್ಟೋರ್ಸ್‌ನಲ್ಲಿ ಧೂಳು ಜಾಸ್ತಿ. ನಿಮಗೆ ಆಗುತ್ತಾ?”

ಆಗುತ್ತೆ ಸರ್ ಎಂದೆ. ನಾಲ್ಕನೇ ಮಹಡಿಗಿಂತ ಒಂದು ಗೇಣು ಕೆಳಗೆ ನಿಲ್ಲಿಸಿದೆ. ಪಂಚೆ ಎತ್ತುವವರ ಹಾಗೆ ಪ್ಯಾಂಟು ಎತ್ತಿ ಹತ್ತಿಕೊಂಡು ಹೋದರು.

12.40ಕ್ಕೆ ಆತ ಬಂದ. ಬೆವತಿದ್ದ. ರಸೀದಿ ತೋರಿಸಿದ, ಕೈಗೆ ಕೊಡಲಿಲ್ಲ.

ಜೂನ್ 22, ಸೋಮವಾರ

ಮೆಮೊ ಬಂತು. ಎರಡು ಸಾಲು. ಜುಲೈ ಹದಿನೈದರಿಂದ ಸ್ಟೋರ್ಸ್. ಅಲ್ಲಿಯವರೆಗೆ ಹಾಳೆ ನನ್ನದೇ. ಟೈಪಿಂಗ್ ತಪ್ಪು ಎರಡು ಇದ್ದವು, ತಿದ್ದಿಕೊಡಲಿಲ್ಲ.

ಜುಲೈ 2

ಸಮಿತಿ ಒಪ್ಪಿತು. ಪ್ರಕಟಣೆಯಲ್ಲಿ ಇಪ್ಪತ್ತು ಎಂದಿದ್ದ ಮೇಲೆ ಇಪ್ಪತ್ತೇ ಎಂದು ಅಧ್ಯಕ್ಷರು ಹೇಳಿದರಂತೆ. ಹನ್ನೆರಡರ ನಂತರ ಬಂದ ಅರ್ಜಿ ಎಷ್ಟು ಎಂದು ಕೇಳಿದೆ. ಒಂದೇ. ಸಾವಿರಾರು ಜನರ ಕ್ಯಾಂಪಸ್ಸಿನಲ್ಲಿ ಆ ಹಾಳೆಯನ್ನು ನಂಬಿ ಕೂತವನು ಅವನೊಬ್ಬ. ಅವನಿಗೇ ಹೀಗೆ ಮಾಡಿದೆ.

ಭಾನುವಾರ ಪರೀಕ್ಷೆ. ಎರಡು ಸೀಟಿಗೆ ಒಂಬತ್ತು ಜನ.

ಜುಲೈ 7

ಲಿಫ್ಟಿನಲ್ಲಿ ಹೋದೆ. ಪರೀಕ್ಷೆ ಹೇಗಾಯಿತು ಎಂದೆ. ಬರೆದೆ ಮೇಡಂ ಎಂದ. ಎಷ್ಟನೇ ಮಹಡಿ ಎಂದು ಕೇಳಿದ, ಹದಿನಾಲ್ಕು ವರ್ಷದಿಂದ ನಾನು ಹೋಗುವುದು ಮೂರಕ್ಕೇ. ಪುಸ್ತಕ ಮತ್ತೆ ಸ್ಟೂಲಿನ ಕೆಳಗೆ ಬಂದಿದೆ. ಅಷ್ಟು ಸಾಕು ಅಂದುಕೊಂಡೆ. ಸಾಕಾಗಲಿಲ್ಲ.

ಜುಲೈ 13, ಸೋಮವಾರ, ಬೆಳಗ್ಗೆ 10

ನನ್ನ ಕೊನೆಯ ಹಾಳೆ. ಹಳೇ ಫೈಲ್ ತೆರೆಯಲಿಲ್ಲ. ಖಾಲಿ ಪುಟದಲ್ಲಿ ಶುರು ಮಾಡಿದೆ. ಮೂರು ತಾಸು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಈಗಷ್ಟೇ ಸಂಜೆ ಕಾಲೇಜಿನ ಪಟ್ಟಿ ಬಂತು. ಸಿಬ್ಬಂದಿ ಸೀಟು ಎರಡು. ಎರಡನೆಯದು ಆತನದು.

ಖುಷಿಯಾಯಿತು. ಬಹಳ.

11.15

ಪಟ್ಟಿಯ ಪ್ರತಿ ಒಯ್ದು ಕೊಟ್ಟೆ. ಲಿಫ್ಟು ನಿಲ್ಲಿಸಿ ನಿಧಾನ ಓದಿದ. ಹೆಸರು ಓದಿದ. ಕೆಳಗಿನ ಸಾಲೂ ಓದಿದ: ತರಗತಿಗಳು ಆಗಸ್ಟ್ 3, ಸೋಮವಾರ, ಸಂಜೆ ಆರಕ್ಕೆ ಆರಂಭ. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ನಕ್ಕ. ಕಣ್ಣು ಒರೆಸಿಕೊಂಡ. ಆಮೇಲೆ ಕೇಳಿದ.

“ಈ ತಾರೀಖು ಸರಿ ಇದೆಯಾ ಮೇಡಂ?”

ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದು. ವಿಚಾರಿಸಿ ಹೇಳ್ತೀನಿ ಎಂದೆ.

12.30

ಕಾಲೇಜಿಗೆ ಫೋನ್ ಮಾಡಿದೆ. ಮೂರೇ ಎಂದರು. ಕ್ಯಾಲೆಂಡರ್ ನೋಡಿದೆ, ಮೂರು ಸೋಮವಾರವೇ. ಆದರೂ ನಡೆದುಕೊಂಡು ಹೋದೆ. ಬರೆದು ಕೊಡಿ ಎಂದೆ. ಅಲ್ಲಿಯ ಗುಮಾಸ್ತರು ವಿಚಿತ್ರವಾಗಿ ನೋಡಿದರು. ಒಂದು ಚೀಟಿಯಲ್ಲಿ ತಾರೀಖು, ವಾರ, ಗಂಟೆ, ಸಹಿ, ಸೀಲು.

ಈಗ ಲೈಬ್ರರಿ ನೆಲಮಹಡಿ, ಲಿಫ್ಟಿನ ಎದುರಿನ ಬೆಂಚು. ಚೀಟಿ ಇದೇ ಡೈರಿಯೊಳಗಿದೆ. ಬಾಗಿಲ ಮೇಲೆ ಮಹಡಿ ತೋರಿಸುವ ಮುಳ್ಳು ನಾಲ್ಕರಲ್ಲಿದೆ. ಹೊರಟಿತು. ಮೂರು. ಎರಡರಲ್ಲಿ ಯಾರನ್ನೋ ಹತ್ತಿಸಿಕೊಳ್ಳುತ್ತಿದ್ದಾನೆ. ಮೊದಲ ಮಾತು ಏನು ಹೇಳುವುದು... ತಾರೀಖು ಸರಿ ಇದೆ ಎಂದಷ್ಟೇ ಹೇಳಿದರೆ

ಒಂದು. ಬಂದ—