ಗಂಡುಮಗುವಿಗೆ ಐದು ಕೂಗು

ನ್ಯೇರಿ,
೧೨ ಜೂನ್ ೧೯೬೫

ಮಗಳು ವಂಗೇಚಿಗೆ ನಿನ್ನವ್ವ ಮಾಡುವ ಆಶೀರ್ವಾದ.

ಜೈಲಿನಲ್ಲಿ ಕಲಿತ ಅಕ್ಷರ, ಸೊಟ್ಟಗಿದ್ದರೆ ನಗಬೇಡ.

ನಿನ್ನ ಕಾಗದ ಬಂತು. ಎರಡನೆಯದೂ ಗಂಡು, ಪದ್ಧತಿಯಂತೆ ತಾಯಿಯ ಅಪ್ಪನ ಹೆಸರು, ಗಿಚೋಹಿ ಎಂದೇ ಇಟ್ಟೆವು ಅಂತ ಬರೆದಿದ್ದೀಯ. ಓದಿ ಅತ್ತುಬಿಟ್ಟೆ ಕಣೇ. ನಿನ್ನಪ್ಪ ಕಾಡಿಗೆ ಹೋಗಿ ತಿರುಗಿ ಬರಲಿಲ್ಲ. ಆ ಹೆಸರು ಹಿಡಿದು ಕರೆಯಲು ಈ ಮನೆಯಲ್ಲಿ ಯಾರೂ ಇರಲಿಲ್ಲ. ಇನ್ನು ಆ ಕೂಸನ್ನು 'ಏನ್ರೀ ಯಜಮಾನ್ರೇ' ಎಂದು ರೇಗಿಸುವ ಹಕ್ಕು ನನ್ನದು.

ಆದರೆ ಬಾ ಎನ್ನಬೇಡ. ಆಡು ಇವತ್ತೋ ನಾಳೆಯೋ ಈಯುತ್ತದೆ. ಮಂಡಿನೋವು ಬೇರೆ, ನಿಮ್ಮ ನಕೂರುವಿನವರೆಗೆ ಬಸ್ಸಿನಲ್ಲಿ ಕೂರಲಾರೆ.

ದೊಡ್ಡವನು, "ಅಜ್ಜಿಗೆ ನಾನಂದ್ರೆ ಯಾಕವ್ವಾ ಆಗಲ್ಲ?" ಅಂದನಂತೆ. ಅಯ್ಯೋ, ಆ ಕೂಸಿನ ಮೇಲೆ ನನಗೇನು ಸಿಟ್ಟು? ನಿನ್ನ ಗಂಡನ ಅಪ್ಪ ಕಿಬುಚಿಯ ಹೆಸರದು, ನಾಲಗೆ ಹೊರಳುವುದಿಲ್ಲ. ಕೂಸು ಹುಟ್ಟಿದ ಸುದ್ದಿ ಬಂದ ದಿನ ಅಂಗಳಕ್ಕಿಳಿದು, ಗಂಡು ಹುಟ್ಟಿತೆಂದು ಊರಿಗೆ ಸಾರುವ ಐದು ಕೂಗು ಹಾಕಹೋದೆ. ಒಂದನ್ನೂ ಹಾಕದೆ ಒಳಗೆ ಬಂದು ಕದ ಹಾಕಿಕೊಂಡೆ.

ನಮ್ಮ ದಿಣ್ಣೆಯನ್ನು ಬಿಳಿಯರು ಕಿತ್ತುಕೊಂಡು ಕಾಫಿ ಹಾಕಿದರು. ಅಲ್ಲೇ ಕೂಲಿ ಮಾಡಿ ನಮ್ಮ ಗುಡಿಸಲಿಗೆ ನಾವೇ ಕಂದಾಯ ಕಟ್ಟಿದೆವು. ಅದಕ್ಕೇ ನಿನ್ನಪ್ಪ ಬಿಳಿಯರನ್ನು ಓಡಿಸುತ್ತೇವೆಂದು ಆಣೆ ಮಾಡಿ, ಹೋರಾಡಲು ಕಾಡು ಸೇರಿದರು. ನಿನ್ನಪ್ಪನನ್ನು ಅಣ್ಣಾ ಎನ್ನುತ್ತಿದ್ದ ನೆರೆಯವ ಕಿಬುಚಿ ಬಿಳಿಯರ ಕಾವಲುಪಡೆ ಸೇರಿದ. "ಅತ್ತಿಗೇ, ಆಚೆ ಬಾ, ಕಾಡಲ್ಲಿರೋನಿಗೋಸ್ಕರ ನೀನ್ಯಾಕೆ ಸುಟ್ಟೋಗ್ತೀಯಾ" ಅಂತ ಹೇಳಿಯೇ ನಮ್ಮ ಗುಡಿಸಲಿಗೆ ಕೊಳ್ಳಿ ಇಟ್ಟ. ಕಾಡಿನವನ ಹೆಂಡತಿಯೆಂದು ನನ್ನನ್ನು ಜೈಲಿಗೆ ಹಾಕಿದ್ದಾಗ ಭೂಮಿ ಅಳೆದು ಹಂಚಿದರು. ನಮಗೆ ಉಳಿದಿದ್ದ ಚೂರು ನೆಲವೂ ಕೇಳುವವರಿಲ್ಲದೆ ಅವನ ಬೇಲಿಯೊಳಗೆ ಹೋಯಿತು. ಸ್ವಾತಂತ್ರ್ಯ ಬಂತು, ಹಳೆಯದನ್ನೆಲ್ಲ ಮರೆಯಿರಿ ಎಂದರು. ಬೇಲಿ ಮಾತ್ರ ಅಲ್ಲೇ ಇದೆ. ನೀನು ಅವನ ಮಗನನ್ನೇ ಮೆಚ್ಚಿದೆ. ಅಳಿಯಂದಿರು ಒಳ್ಳೆಯವರು, ಇಲ್ಲ ಅನ್ನಲಾರೆ.

ನಾನು ಚೆನ್ನಾಗಿದ್ದೇನೆ. ಸುಳ್ಳೇಕೆ, ಬೇಜಾರಾಗುತ್ತದೆ. ಮಾತಿಗೆ ಯಾರೂ ಇಲ್ಲದೆ ದಿನವೆಲ್ಲ ಆಡನ್ನೇ ಬೈಯುತ್ತಿರುತ್ತೇನೆ. ಗಂಜಿ ಒಬ್ಬಳಿಗೇ ಕಾಯಿಸಿದರೂ ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ.

ಬಾಣಂತಿ, ಗಾಳಿಗೆ ಕೂರಬೇಡ.

ನಿನ್ನವ್ವ,
ನ್ಯಾಗುಥಿ

ಮತ್ತೆ ಬರೆದದ್ದು: ಕಾಗದ ಮಡಿಸುವ ಮೊದಲು ಅಂಗಳಕ್ಕಿಳಿದು ಐದು ಕೂಗು ಹಾಕಿದೆ. ಆಮೇಲೆ ಇನ್ನೈದು ಹಾಕಿದೆ. ಪಕ್ಕದ ಮನೆಯ ವಮುಯು ಓಡಿ ಬಂದು, "ಏನಕ್ಕಾ, ಅವಳಿ ಜವಳಿನಾ?" ಅಂದಳು. "ಇಲ್ಲ ಕಣೇ, ಆಮೇಲಿನ ಐದು ದೊಡ್ಡವನಿಗೆ" ಅಂದೆ. ಆಡನ್ನು ಅವಳೇ ನೋಡಿಕೊಳ್ಳುತ್ತಾಳಂತೆ. ಬರುವ ಶನಿವಾರ ನಾನೇ ಹೊರಟು ಬರುತ್ತೇನೆ, ಬಸ್ಸಿನ ಹತ್ತಿರ ದೊಡ್ಡವನನ್ನು ಕರೆತರಲು ಅಳಿಯಂದಿರಿಗೆ ಹೇಳು. ನೋಡೋಣ, ಹೆಸರು ಹಿಡಿದು ಕರೆದರೆ ನಮ್ಮ ಕಿಬುಚಿ ಓಡಿ ಬರುತ್ತಾನೋ ಇಲ್ಲವೋ.